ಮೂರನೇ ಕಿಟಕಿಯ ಟಾವೆಲ್

ಅಕ್ಕೋರ ಎಡಗೈ ತೋರುಬೆರಳಿಗೆ ಉಗುರಿರಲಿಲ್ಲ. ಉಗುರು ಇರಬೇಕಾದಲ್ಲಿ ನುಣ್ಣಗಿನ, ತುಸು ಹೊಳೆಯುವ ಚರ್ಮವಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಸಾಲು ಹಿಡಿದು ಓದುವಾಗ ಅವರು ಆ ಬೆರಳನ್ನೇ ಬಳಸುತ್ತಿದ್ದರು. ಬೇರೆಯವರು ಗಾಜಿಗೆ ಬೆರಳಿಟ್ಟರೆ ಟಕ್ ಎಂದು ಸದ್ದಾಗುತ್ತದೆ. ಅವರದು ಸದ್ದಿಲ್ಲದೆ ಹೋಗುತ್ತಿತ್ತು. ಹಿಂದೆ ಕುಳಿತು ಬರೆದುಕೊಳ್ಳುವವರಿಗೆ ಅವರು ಯಾವ ಸಾಲಿನಲ್ಲಿದ್ದಾರೆಂದು ತಿಳಿಯುತ್ತಿರಲಿಲ್ಲ.

ನಮ್ಮ ಕಡೆ ಶಾಲೆ ಕಾಲೇಜಿನಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ಇವರು ಬೈಲಹೊಂಗಲದಲ್ಲಿ ನನಗೆ ಸಂಖ್ಯಾಶಾಸ್ತ್ರ ಕಲಿಸಿದವರು. ಉಗುರು ಎಲ್ಲಿ ಹೋಯಿತೆಂದು ತರಗತಿಯಲ್ಲಿ ಯಾರೋ ಒಮ್ಮೆ ಕೇಳಿದ್ದರು. "ನಮ್ಮ ಬಾವಿಯೊಳಗ ಐತಿ," ಎಂದು ಹೇಳಿ ಪಾಠ ಮುಂದುವರಿಸಿದರು. ತಮಾಷೆ ಎಂದುಕೊಂಡು ನಾವು ನಕ್ಕೆವು. ತಮಾಷೆಯಲ್ಲ ಎಂದು ನನಗೆ ತಿಳಿಯುವ ಹೊತ್ತಿಗೆ ನನ್ನ ತಲೆಯೂ ಅರ್ಧ ಬೆಳ್ಳಗಾಗಿತ್ತು.

ಉತ್ತರಪತ್ರಿಕೆಯಲ್ಲಿ ಪ್ರತಿ ಅಂಕಿಯ ಪಕ್ಕ, ಅದು ಎಲ್ಲಿಂದ ಬಂತೆಂದು ಪೆನ್ಸಿಲಿನಲ್ಲಿ ಬರೆಯಬೇಕು ಎಂಬುದು ಅವರ ಕಟ್ಟಳೆ. ಒಮ್ಮೆ ನನ್ನ ಉತ್ತರ ಸರಿಯಿದ್ದರೂ ಸೊನ್ನೆ ಕೊಟ್ಟರು. ಕೇಳಲು ಹೋದೆ.

"ಉತ್ತರ ಖರೇನ ಐತಿ. ಎಲ್ಲಿಂದ ಬಂತು ಹೇಳು."

"ಗೊತ್ತಿಲ್ರಿ ಅಕ್ಕೋರ. ಹಂಗ ಬಂತು."

"ಸಂತ್ಯಾಗ ಸಿಕ್ಕ ಕೂಸನ್ನ ಮನಿಗೆ ಎತಗೊಂಡ ಬಂದು ನಂದ ಅಂದಂಗಾತು. ಹೋಗು, ಅದರ ತಾಯಿ-ತಂದೀನ ಹುಡುಕಿಕೊಂಡು ಬಾ."

ಮುಂದೆ ನಾನು ಪತ್ರಿಕೆಯ ತಾಲೂಕು ವರದಿಗಾರನಾದಾಗ ಅವರ ಆಶೀರ್ವಾದವೂ ಅದೇ ಧಾಟಿಯಲ್ಲಿತ್ತು. "ಈಗರೆ ಬರಿ ತಮ್ಮಾ, ಎಲ್ಲಿಂದ ಬಂತು ಅಂತ."

ಅವರ ಮನೆ ಮುನವಳ್ಳಿಯಲ್ಲಿ. ಮದುವೆಯಾಗಿರಲಿಲ್ಲ. ರವಿಕೆ ಹೊಲಿಯುವ ತಂಗಿಯೊಬ್ಬರು ಜೊತೆಗಿದ್ದರು. ಸೇವೆಯುದ್ದಕ್ಕೂ ಬೆಳಗಿನ ಅದೇ ಬಸ್ಸಿಗೆ ಬೈಲಹೊಂಗಲಕ್ಕೆ ಬಂದು ಸಂಜೆ ಅದೇ ಬಸ್ಸಿಗೆ ಮರಳುತ್ತಿದ್ದರು. ಬಲಗಡೆಯ ಮೂರನೇ ಕಿಟಕಿ ಅವರ ಜಾಗ. ಬಸ್ಸು ನಿಲ್ದಾಣಕ್ಕೆ ಬಂದು ನಿಲ್ಲುವ ಮೊದಲೇ ಹಸಿರು ಅಂಚಿನ ತೆಳ್ಳನೆಯ ಟಾವೆಲನ್ನು ಕಿಟಕಿಯೊಳಗಿಂದ ಸೀಟಿನ ಮೇಲೆ ಎಸೆಯುತ್ತಿದ್ದರು. ಅದು ನಮ್ಮ ಭಾಗದ ಕಾನೂನು. ಟಾವೆಲ್ ಬಿದ್ದ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಕುಳಿತರೆ ಜಗಳವಾಗುತ್ತದೆ, ಜಗಳದಲ್ಲಿ ಇಡೀ ಬಸ್ಸು ಟಾವೆಲಿನ ಪರ ನಿಲ್ಲುತ್ತದೆ.

ಕಂಡಕ್ಟರ್ ಅವರನ್ನು ಚೇಷ್ಟೆ ಮಾಡುತ್ತಿದ್ದ. "ಅಕ್ಕೋರ, ಇಡೀ ರೂಟಿಗೆ ಗೊತ್ತೈತ್ರಿ ಇದು ನಿಮ್ಮ ಸೀಟು. ಮತ್ತ ಟಾವೆಲ್ ಯಾಕ್ರಿ?"

"ಎಲ್ಲಾರಿಗೂ ಗೊತ್ತೈತಿ ಅಂತ ಬಿಟ್ಟ ಸೀಟನ ಮೊದಲ ಹೋಗೂದಪಾ," ಎನ್ನುತ್ತಿದ್ದರು ಅವರು.

ಈ ಮಾತನ್ನು ನಾನೇ ಹಲವು ಸಲ ಕೇಳಿದ್ದೇನೆ. ಮುಂದೆ ಹೇಳುವ ಸಂಗತಿಗೆ ಇದು ಬೇಕಾಗುತ್ತದೆ.

ನಿವೃತ್ತರಾದ ಮೇಲೆ ಅವರು ಕಂಪ್ಯೂಟರ್ ಹಿಡಿದರು. ಸಂಖ್ಯಾಶಾಸ್ತ್ರಕ್ಕೆಂದೇ ಇರುವ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಒಂದು ಸಾಫ್ಟ್‌ವೇರನ್ನು ತಾವೇ ಕಲಿತರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಕುಡಿಯುವ ನೀರನ್ನು ಪರೀಕ್ಷಿಸುವ ಸಣ್ಣ ಸಂಘವೊಂದಿತ್ತು. ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದು ಅವರ ಮುಖ್ಯ ಪ್ರಶ್ನೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ಇನ್ನೂ ಹೆಚ್ಚಿದ್ದರೆ ಎಲುಬಿಗೆ ಇಳಿಯುತ್ತದೆ. ಒಂದೊಂದು ಬಾವಿಗೂ ಹಲವು ಸಲ ತೆಗೆದ ಅಳತೆಗಳಿಂದ ಒಂದು ಕೊನೆಯ ಅಂಕಿ ತೆಗೆಯಬೇಕು. ಕೈಯಲ್ಲಿ ಮಾಡಿದರೆ ಒಂದು ಬಾವಿಗೆ ಒಂದು ತಾಸು. ಅಕ್ಕೋರು ಅದಕ್ಕೊಂದು ಪ್ರೋಗ್ರಾಮು ಬರೆದುಕೊಟ್ಟರು. ಮೊದಲು ಅದು ನಿಧಾನವಾಗಿ ನಡೆಯುತ್ತಿತ್ತು. ಆಮೇಲೆ ಲೆಕ್ಕದ ಭಾಗವನ್ನಷ್ಟೇ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು, ಯಂತ್ರಕ್ಕೆ ನೇರವಾಗಿ ತಿಳಿಯುವ ರೂಪಕ್ಕೆ ಇಳಿಸಿ, ಸಾಫ್ಟ್‌ವೇರಿನ ಒಳಗೆ ಕೂರಿಸಿದರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಾಲ್ಕು ತಾಲೂಕಿನ ಪಟ್ಟಿ ಬರತೊಡಗಿತು.

"ಹೊರಗಿನ ಭಾಗ ತಪ್ಪಿದ್ರ ಒದರತೈತಿ, ಇಂಥಾ ಸಾಲಿನ್ಯಾಗ ತಪ್ಪೇತಿ ಅಂತ," ಎಂದು ಒಮ್ಮೆ ವಿವರಿಸಿದ್ದರು. "ಒಳಗಿಂದು ಒದರಂಗಿಲ್ಲ. ಸುಮ್ಮನ ಬ್ಯಾರೆ ಉತ್ತರ ಕೊಡತೈತಿ. ಮಾರಿ ಮ್ಯಾಲೆ ಏನೂ ಕಾಣಂಗಿಲ್ಲ."

ಆ ವರ್ಷ ಮಳೆಗಾಲ ಮುಗಿದ ಮೇಲೆ ಸಂಘದ ಪಟ್ಟಿ ನನ್ನ ಕೈಗೆ ಬಂತು. ಭಾನುವಾರದ ತಾಲೂಕು ಪುಟದಲ್ಲಿ ಅದನ್ನು ಪೂರ್ತಿ ಅಚ್ಚು ಹಾಕಿಸಿದೆ. ಮುನವಳ್ಳಿಯಿಂದ ಆಚೆ, ಹೊಲಗಳ ನಡುವಿನ ಒಂದು ತೋಟದ ಶಾಲೆಯ ಕೊಳವೆಬಾವಿಗೆ 0.62 ಎಂದಿತ್ತು. ಒಳ್ಳೆಯ ನೀರು. ಅದುವರೆಗೆ, ಕುಡಿಯಬಾರದೆಂದು, ಆ ಪಂಪಿಗೆ ಕೆಂಪು ಬಣ್ಣ ಬಳಿದಿದ್ದರು. ಮಕ್ಕಳು ದೂರದ ಹೊಲದ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದರು. ಸೋಮವಾರ ಬೆಳಿಗ್ಗೆ ಮುಖ್ಯ ಶಿಕ್ಷಕರು ಪತ್ರಿಕೆಯನ್ನು ಪ್ರಾರ್ಥನೆಯ ಹೊತ್ತಿಗೆ ಓದಿ ಹೇಳಿ, ಪಂಪಿಗೆ ತಾವೇ ನೀಲಿ ಬಣ್ಣ ಬಳಿದರು. ಅದರ ಫೋಟೋ ನನಗೆ ಕಳಿಸಿದರು. ನಾನು ಸಂತೋಷಪಟ್ಟೆ.

ಬುಧವಾರ ಸಂಘದವರು ಇನ್ನೊಂದು ಪ್ರತಿ ಕಳಿಸಿದರು. ಬೇರೆಲ್ಲಿಗೋ ಕಳಿಸಲು ಅಕ್ಕೋರ ಕಡೆಯಿಂದ ಮತ್ತೆ ತೆಗೆಸಿದ್ದು. ಎರಡು ಪ್ರತಿ ಬಂದರೆ ಸಾಲು ಸಾಲು ತಾಳೆ ನೋಡುವುದು ನಮ್ಮ ಕೆಲಸದ ರೂಢಿ. ನೋಡುತ್ತ ಹೋದೆ. ತೋಟದ ಶಾಲೆಯ ಎದುರು 2.1 ಎಂದಿತ್ತು.

ಅದೇ ನೀರು, ಅದೇ ಅಳತೆ, ಅದೇ ಪ್ರೋಗ್ರಾಮು. ಅಕ್ಕೋರಿಗೆ ಫೋನು ಮಾಡಿದೆ. ಅವರು ಒಂದು ತಾಸು ಬಿಟ್ಟು ತಿರುಗಿ ಮಾಡಿದರು. ಅಷ್ಟರಲ್ಲಿ ಕಾಗದದ ಮೇಲೆ ಕೈಯಲ್ಲಿ ಲೆಕ್ಕ ಹಾಕಿ ಮುಗಿಸಿದ್ದರು. "ಎರಡು ಪಾಯಿಂಟ್ ಒಂದನ ಖರೇ. ಭಾನುವಾರದ್ದು ಸುಳ್ಳು. ಸಾಲಿ ಮಾಸ್ತರಿಗೆ ಹೇಳು, ಬೋರ್ ಬಂದ್ ಮಾಡ್ರಿ ಅಂತ."

ಮುಖ್ಯ ಶಿಕ್ಷಕರು ಒಪ್ಪಲಿಲ್ಲ. ಕೆಟ್ಟವರಲ್ಲ, ಊರಿಗೆ ಉತ್ತರ ಹೇಳಬೇಕಾದವರು. "ನೋಡ್ರಿ ಸರ, ನೀವ ಪೇಪರ್‌ನ್ಯಾಗ ಹಾಕೀರಿ, ನಾ ಊರ ಮುಂದ ಓದೇನಿ. ಈಗ ಫೋನಿನ್ಯಾಗ ಹೇಳಿದ್ರಂತ ಬಂದ್ ಮಾಡಿದ್ರ ನನ್ನ ಹುಚ್ಚ ಅಂತಾರ. ಪೇಪರ್‌ನ್ಯಾಗ ಬಂದದ್ದು ಪೇಪರ್‌ನ್ಯಾಗನ ಹೋಗಬೇಕ್ರಿ. ತಪ್ಪಾಗೇತಿ ಅಂತ ಹಾಕ್ರಿ, ಅರ್ಧಾ ತಾಸಿನ್ಯಾಗ ಬಂದ್ ಮಾಡತೇನಿ."

ಶನಿವಾರ, ಭಾನುವಾರ ಮಾತ್ರ ಇರುವ ತಾಲೂಕು ಪುಟ ಮತ್ತೆ ಬರುವುದು ಶನಿವಾರ. ನಮ್ಮ ಸಂಪಾದಕರು ಇನ್ನೊಂದು ಷರತ್ತು ಹಾಕಿದರು. "ಭಾನುವಾರ ಒಂದು, ಬುಧವಾರ ಒಂದು. ಶುಕ್ರವಾರ ಮೂರನೇದು ಬಂದರೆ? ಉಳಿದ ಬಾವಿಗಳು ಸರಿ ಅಂತ ಹೇಗೆ ಹೇಳ್ತೀರಿ? ಯಾಕೆ ತಪ್ಪಾಯ್ತು ಅಂತ ಒಂದು ಸಾಲು ಕೊಡಿ, ಹಾಕ್ತೀನಿ." ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಕಾರಣ ಹೇಳಲಾಗದ ತಿದ್ದುಪಡಿ ಇನ್ನೊಂದು ಗಾಳಿಸುದ್ದಿಯಷ್ಟೇ.

ಹೀಗಾಗಿ ಆ ಒಂದು ಸಾಲು ಸಿಗುವವರೆಗೆ ಮಕ್ಕಳು ನನ್ನ ವರದಿಯ ನೀರನ್ನು ಕುಡಿಯುತ್ತಲೇ ಇರುತ್ತಿದ್ದರು.

ಗುರುವಾರ ಬೆಳಿಗ್ಗೆ ಮುನವಳ್ಳಿಗೆ ಹೋದೆ. ಪಡಸಾಲೆಯ ಒಂದು ಮೂಲೆಯಲ್ಲಿ ತಂಗಿಯ ಹೊಲಿಗೆ ಮಷೀನು, ಇನ್ನೊಂದು ಮೂಲೆಯಲ್ಲಿ ಅಕ್ಕೋರ ಕಂಪ್ಯೂಟರು. "ನೀ ಬರಕೋ, ನಾ ನೋಡತೇನಿ," ಎಂದರು. ಎಷ್ಟು ಗಂಟೆಗೆ ಏನು ಬದಲಿಸಿದೆವು, ಏನು ಉತ್ತರ ಬಂತು, ಅಷ್ಟೇ ಬರೆಯಬೇಕು. ಆ ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ. ಇಲ್ಲಿ ಹೇಳುವುದೆಲ್ಲ ಅದರಿಂದಲೇ.

ಮೊದಲ ಸಲ ಪಟ್ಟಿ ತೆಗೆದೆವು. ತೋಟದ ಶಾಲೆ, 0.62. ತಪ್ಪು ಕಣ್ಣೆದುರೇ ಇತ್ತು. ಅಕ್ಕೋರು ಡಿಬಗರ್ ತೆರೆದರು. ನಡೆಯುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ತಡೆದು ನಿಲ್ಲಿಸಿ, ಒಳಗೆ ಯಾವ ಅಂಕಿ ಎಲ್ಲಿದೆ ಎಂದು ತೋರಿಸುವ ಸಾಧನ ಅದು. ತೋಟದ ಶಾಲೆಯ ಸಾಲಿನಲ್ಲಿ ನಿಲ್ಲಿಸಿ, ಉಗುರಿಲ್ಲದ ಬೆರಳಿಟ್ಟು ಒಂದೊಂದೇ ಹೆಜ್ಜೆ ನಡೆಸಿದರು. 2.1.

ಡಿಬಗರ್ ಮುಚ್ಚಿ ತೆಗೆದರು. 0.62.

ಮತ್ತೆ ತೆರೆದರು. 2.1.

ಡಿಬಗರ್ ಬೇಡವೆಂದು, ಈ ಬಾವಿಯ ಅಂಕಿಯನ್ನು ನಡುವೆ ಒಮ್ಮೆ ಪರದೆಯ ಮೇಲೆ ತೋರಿಸು ಎಂಬ ಒಂದೇ ಸಾಲನ್ನು ಪ್ರೋಗ್ರಾಮಿಗೆ ಸೇರಿಸಿದರು. ತೋಟದ ಶಾಲೆ ಸರಿಯಾಯಿತು. ಆದರೆ ರಾಮದುರ್ಗ ಕಡೆಯ ಒಂದು ಬಾವಿ 0.62 ಆಯಿತು. ಆ ಸಾಲನ್ನು ಅಳಿಸಿದರು. ತಪ್ಪು ತಿರುಗಿ ತೋಟದ ಶಾಲೆಗೆ ಬಂತು.

ಹನ್ನೊಂದರಿಂದ ಎರಡೂವರೆಯವರೆಗೆ ನೋಟ್‌ಬುಕ್ಕಿನಲ್ಲಿ ಇದೇ ಇದೆ. ಯಾವ ಬಾವಿಯನ್ನು ನೋಡುತ್ತ ಕುಳಿತೆವೋ ಅಲ್ಲಿ ಆ ತಪ್ಪು ಒಮ್ಮೆಯೂ ಬರಲಿಲ್ಲ. ಎದ್ದು ಚಹಾ ಕುಡಿಯಲು ಹೋಗಿ ಬಂದರೆ ಪಟ್ಟಿಯಲ್ಲಿ ಕುಳಿತಿರುತ್ತಿತ್ತು.

ತಂಗಿ ಮಷೀನು ತುಳಿಯುವುದನ್ನು ನಿಲ್ಲಿಸಿ ಹೇಳಿದರು. "ನೀ ನೋಡಬ್ಯಾಡ ಅಕ್ಕಾ. ಹೊಸಾ ಸೊಸಿ ಇದ್ದಂಗ ಐತಿ, ನೋಡಿದ್ರ ನಾಚತೈತಿ."

"ನಾಚಿಕಿ ಅಲ್ಲ, ತುಡುಗು," ಎಂದರು ಅಕ್ಕೋರು. ಆದರೆ ನಗಲಿಲ್ಲ.

ನನ್ನ ನೋಟ್‌ಬುಕ್ ಕೇಳಿ ಪಡೆದು, ಅಂದಿನ ಸಾಲುಗಳನ್ನೆಲ್ಲ ಓದಿದರು. ಆಮೇಲೆ ಕೇಳಿದರು. "ತಪ್ಪು ಬಂದಾಗೆಲ್ಲಾ ಸೊನ್ನಿ ಪಾಯಿಂಟ್ ಆರು ಎರಡನ ಬಂದೈತೇನು?"

"ಹೌದ್ರಿ."

"ಊರು ಬದಲಾದ್ರೂ?"

"ಹೌದ್ರಿ. ಬ್ಯಾರೆ ಅಂಕಿ ಬಂದಿಲ್ರಿ."

"ಯಂತ್ರ ದಿಕ್ಕು ತಪ್ಪಿದ್ರ ಒಮ್ಮೆ ಒಂದು, ಒಮ್ಮೆ ಒಂದು ಬರಬೇಕು. ಇದು ಹಂಗಲ್ಲ. ಇದಕ್ಕ ಮನಿ ಐತಿ."

ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಅಂಚು ಹಳದಿಯಾದ ಒಂದು ವಹಿ ತಂದು ನನ್ನ ಮುಂದೆ ತೆರೆದಿಟ್ಟರು. ಪೆನ್ಸಿಲಿನಲ್ಲಿ ಬರೆದ ಒಂದು ಲೆಕ್ಕ, ಕೆಳಗೆ ಎರಡು ಗೆರೆ ಎಳೆದು 0.62. ಪಕ್ಕದಲ್ಲಿ, ಎಲ್ಲಿಂದ ಬಂತು ಎಂಬ ಅವರದೇ ಕಟ್ಟಳೆಯಂತೆ, ಎರಡು ಶಬ್ದ: ನಮ್ಮ ಬಾವಿ.

ಅವರು ಹುಟ್ಟಿದ ಊರು ಮಲಪ್ರಭಾ ಜಲಾಶಯದ ಅಡಿಯಲ್ಲಿದೆ. ಹಿನ್ನೀರು ಬಂದಾಗ ಅವರು ಸಣ್ಣವರು. ಊರು ಬಿಡುವ ವಾರ, ಕೊನೆಯ ಕೊಡ ಸೇದುವಾಗ ಬಾವಿಯ ಗಡಗಡೆಯ, ಅಂದರೆ ರಾಟೆಯ, ಸಂದಿಗೆ ಬೆರಳು ಸಿಕ್ಕಿತು. ಉಗುರು ನೀರಿಗೆ ಬಿತ್ತು, ಆಮೇಲೆ ನೀರಿನ ಮೇಲೆ ನೀರು ಬಂತು. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಡು ಬೇಸಿಗೆಯಲ್ಲಿ ಜಲಾಶಯ ಇಳಿದು, ಹಳೆಯ ಊರಿನ ಗೋಡೆಗಳು ಹೊರಬಿದ್ದವು. ಅಕ್ಕೋರು ಬಿರಿದ ಕೆಸರಿನ ಮೇಲೆ ನಡೆದುಹೋಗಿ ಬಾವಿ ಹುಡುಕಿದರು. ಒಳಗೆ ತಿಳಿ ನೀರಿತ್ತಂತೆ. ಸೀಸೆಗೆ ಹಗ್ಗ ಕಟ್ಟಿ ಇಳಿಬಿಟ್ಟು ತಂದು ಕಾಲೇಜಿನಲ್ಲಿ ಪರೀಕ್ಷೆ ಮಾಡಿಸಿದ್ದರು. ಉತ್ತರ ಚೆನ್ನಾಗಿ ಗೊತ್ತಿದ್ದ ಒಂದು ಬಾವಿ ಅವರ ಬಳಿ ಇದ್ದದ್ದು ಅದೇ. ಪ್ರೋಗ್ರಾಮು ಬರೆಯುವಾಗ ಅದನ್ನೇ ಒರೆಗಲ್ಲಾಗಿ ಒಳಗಿಟ್ಟರು. ತಕ್ಕಡಿ ಸರಿಯಿದೆಯೇ ಎಂದು ಗೊತ್ತಿದ್ದ ತೂಕ ಇಟ್ಟು ನೋಡುವ ಹಾಗೆ, ಪ್ರತಿ ಊರಿನ ಬಾವಿಯ ಲೆಕ್ಕದ ಜೊತೆಗೆ ಯಂತ್ರ ಒಮ್ಮೆ ಈ ಬಾವಿಯ ಲೆಕ್ಕವನ್ನೂ ಮಾಡಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತಿತ್ತು. ಆ ಅಂಕಿ ಹೊರಗೆ ಬರುವಂತೆಯೇ ಇರಲಿಲ್ಲ.

ತಂಗಿ ಕೈಯಲ್ಲಿದ್ದ ಬಟ್ಟೆ ಮಡಚಿ ಬದಿಗಿಟ್ಟರು. "ಬಾವಿ ನೆನಪ ಮಾಡಾಕತ್ತೈತಿ ಅಕ್ಕಾ. ಅದರ ನೀರ ಯಾರೂ ಕುಡದು ಭಾಳ ದಿನ ಆತಲ್ಲ."

"ಬಾವಿ ಏನೂ ಮಾಡಂಗಿಲ್ಲ. ಮಾಡಿದ್ದು ನಾ ಇರಬೇಕು," ಎಂದರು ಅಕ್ಕೋರು. ಧ್ವನಿ ಗಟ್ಟಿಯಾಗಿತ್ತು. ಬೆರಳನ್ನು ಮಾತ್ರ ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದರು.

ಶುಕ್ರವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವರು ಒಂದು ನಿರ್ಧಾರಕ್ಕೆ ಬಂದಿದ್ದರು. ಅದನ್ನು ನನಗೆ ಬಸ್ಸಿನ ಭಾಷೆಯಲ್ಲಿ ವಿವರಿಸಿದರು. ಯಂತ್ರದ ನೆನಪು ಎಂದರೆ ಸೀಟುಗಳ ಸಾಲು. ಲೆಕ್ಕ ಮಾಡುವಾಗ ಒಂದೊಂದು ಅಂಕಿಗೂ ಒಂದೊಂದು ಸೀಟು. ಬಸ್ಸಿನಲ್ಲಿ ಒಬ್ಬ ಗುಡಿಸುವವನಿದ್ದಾನೆ. ಸೀಟು ಸಾಲದಾಗುತ್ತ ಬಂದಾಗ ಆಗೊಮ್ಮೆ ಈಗೊಮ್ಮೆ ಬಂದು, ಯಾರದೂ ಅಲ್ಲದ ಸೀಟುಗಳನ್ನು ಖಾಲಿ ಮಾಡಿ ಬೇರೆಯವರಿಗೆ ಕೊಡುತ್ತಾನೆ. ಹೊರಗಿನ ಭಾಗದಲ್ಲಿ ಯಾವ ಸೀಟು ಯಾರದೆಂದು ಅವನಿಗೆ ತಾನಾಗಿಯೇ ಗೊತ್ತಿರುತ್ತದೆ. ಒಳಗಿನ ಭಾಗದಲ್ಲಿ ಗೊತ್ತಿರುವುದಿಲ್ಲ. ಅಲ್ಲಿ ಬರೆದವರೇ ಸೀಟಿಗೆ ಟಾವೆಲ್ ಹಾಕಬೇಕು. ಹಾಕದಿದ್ದರೆ ಹೆಚ್ಚಿನ ಸಲ ಏನೂ ಆಗುವುದಿಲ್ಲ, ಗುಡಿಸುವವನು ಆ ಹೊತ್ತಿಗೆ ಬಂದಿರುವುದಿಲ್ಲ. ಬಂದ ದಿನ ಮಾತ್ರ ಸೀಟು ಹೋಗುತ್ತದೆ. ಕಂಡಕ್ಟರ್ ನಿಮ್ಮ ಹೆಸರು ಕೂಗಿದರೆ ಅಲ್ಲಿ ಕುಳಿತ ಬೇರೆ ಯಾರೋ ಓ ಎನ್ನುತ್ತಾರೆ.

"ನಾವು ನೋಡಾಕ ಕುಂತ್ರ ಅವನ ಬರೂ ಹೊತ್ತು ಆಚೀಚಿ ಆಕ್ಕೈತಿ. ಅದಕ್ಕ ಸಿಗಾಕತ್ತಿಲ್ಲ. ಈಗ ಅವಗ ಹೇಳತೇನಿ, ಹೆಜ್ಜಿ ಹೆಜ್ಜಿಗೂ ಗುಡಸು ಅಂತ."

ಹಾಗೆ ಹೇಳುವ ಆಜ್ಞೆ ಆ ಸಾಫ್ಟ್‌ವೇರಿನಲ್ಲೇ ಇದೆ. ಯಂತ್ರವನ್ನು ಹಿಂಸಿಸಿ ಬಾಯಿಬಿಡಿಸುವ ಆಜ್ಞೆ. ಅದನ್ನು ಕೊಟ್ಟರೆ ಕ್ಷಣದಲ್ಲಿ ಮುಗಿಯುವ ಕೆಲಸಕ್ಕೆ ಮೂರು ತಾಸು ಬೇಕು. ಹತ್ತು ಗಂಟೆಗೆ ಹಚ್ಚಿದೆವು. ಹೊರಗೆ ಬಿಸಿಲು ಬಿಳಿಯಾಗಿತ್ತು. ಪರದೆಯ ಮೇಲೆ ಊರುಗಳು ಒಂದೊಂದಾಗಿ, ಎರಡು ಮೂರು ನಿಮಿಷಕ್ಕೊಂದರಂತೆ ಬರತೊಡಗಿದವು.

ಮೊದಲಿಗೆ ಬೈಲಹೊಂಗಲದ ಕಡೆಯ ಬಾವಿ. 0.62.

ನಂತರ ಇನ್ನೊಂದು. 0.62.

ಕಿತ್ತೂರಿನ ಕಡೆಯದು, 0.62. ದೇಗಾಂವ, 0.62. ನಾನು ಬರೆದುಕೊಳ್ಳುತ್ತಲೇ ಇದ್ದೆ. ಕೆಲವು ಊರುಗಳಾದ ಮೇಲೆ ಅಂಕಿ ಬರೆಯುವ ಬದಲು ಚುಕ್ಕಿ ಇಟ್ಟಿದ್ದೇನೆ. ತಂಗಿ ಮಷೀನು ಬಿಟ್ಟು ಬಂದು ನಮ್ಮ ಹಿಂದೆ ನಿಂತಿದ್ದರು. ಸವದತ್ತಿ, ಮುನವಳ್ಳಿ, ತೋಟದ ಶಾಲೆ, ರಾಮದುರ್ಗ. ನಾಲ್ಕು ತಾಲೂಕಿನ ಎಲ್ಲ ಊರುಗಳ ಎಲ್ಲ ಬಾವಿಗಳಲ್ಲಿ, ಒಂದರ ನಂತರ ಒಂದರಂತೆ, ಮುಳುಗಿಹೋದ ಒಂದೇ ಬಾವಿಯ ನೀರು ಏರಿ ಬರುತ್ತಿತ್ತು. ನಾನು ಅಪಘಾತಗಳನ್ನು ನೋಡಿದ್ದೇನೆ, ಶವಾಗಾರದ ಮುಂದೆ ನಿಂತು ವರದಿ ಮಾಡಿದ್ದೇನೆ. ಆ ಮಧ್ಯಾಹ್ನ ಒಂದು ಪಟ್ಟಿಯ ಎದುರು ಕುಳಿತು ನಾನು ಹೆದರಿದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಪಟ್ಟಿ ಮುಗಿಯುವವರೆಗೂ ಅಕ್ಕೋರು ಕಣ್ಣು ತೆಗೆಯಲಿಲ್ಲ. ಮುಗಿದ ಮೇಲೆ ಸಿ ಭಾಷೆಯ ಭಾಗವನ್ನು ತೆರೆದು, ಮೊದಲಿನಿಂದ ಬೆರಳಿಟ್ಟು ಓದಿದರು. ಬೆರಳು ಒಂದು ಕಡೆ ನಿಂತಿತು. ಈ ಸಲ ಎಲ್ಲಿ ನಿಂತಿತೆಂದು ನನಗೂ ಕಾಣಿಸಿತು.

"ನೋಡು. ಎರಡು ಸೀಟು ಹಿಡದೇನಿ. ಒಂದು ಊರಿನ ಬಾವೀದು. ಒಂದು ನಮ್ಮ ಬಾವೀದು. ಟಾವೆಲ್ ಒಂದನ ಹಾಕೇನಿ."

"ಯಾವುದಕ್ಕ್ರಿ?"

"ನಮ್ಮದಕ್ಕ."

ಟಾವೆಲ್ ಎಷ್ಟು ಹಾಕಿದೆಯೋ ಅಷ್ಟನ್ನು ಕೊನೆಗೆ ತೆಗೆಯಬೇಕೆಂಬ ನಿಯಮವಿದೆ. ಒಂದು ಹಾಕಿ ಒಂದು ತೆಗೆದಿದ್ದರು. ಹೊಂದಿಕೆಯಾದದ್ದರಿಂದ ಯಂತ್ರ ಗೊಣಗಿರಲಿಲ್ಲ. ಮುಳುಗಿದ ಬಾವಿಗೆ ಸೀಟು ಹುಡುಕುವ ಹೊತ್ತಿಗೆ ಗುಡಿಸುವವನು ಬಂದರೆ, ಮೊದಲೇ ಕುಳಿತಿದ್ದ ಊರಿನ ಬಾವಿ ಸೀಟು ಕಳೆದುಕೊಳ್ಳುತ್ತಿತ್ತು. ಅದೇ ಸೀಟು ಟಾವೆಲ್ ಇದ್ದ ಮುಳುಗಿದ ಬಾವಿಗೆ ಸಿಗುತ್ತಿತ್ತು. ಆಮೇಲೆ ಊರಿನ ಬಾವಿಯ ಹೆಸರು ಕೂಗಿದರೆ ಅದು ಓ ಎನ್ನುತ್ತಿತ್ತು.

ಅಕ್ಕೋರು ಕುರ್ಚಿಗೆ ಒರಗಿದರು. "ಇಡೀ ಜಲ್ಮಾ ಬಸ್ಸಿನ್ಯಾಗ ಟಾವೆಲ್ ಹಾಕಿದಾಕಿ ನಾ. ಇಲ್ಲಿ ನೋಡು, ಹೋದವರಿಗೆ ಹಾಕೇನಿ. ಇದ್ದವರನ್ನ ನಿಂದರಿಸೇನಿ."

ತಂಗಿ ಒಳಗೆ ಹೋಗಿ ಅವರಿಗೆ ಕುಡಿಯಲು ನೀರು ತಂದುಕೊಟ್ಟರು.

ಊರಿನ ಬಾವಿಗೂ ಒಂದು ಟಾವೆಲ್ ಹಾಕಿ, ಕೊನೆಯಲ್ಲಿ ತೆಗೆಯುವ ಲೆಕ್ಕವನ್ನು ಒಂದರಿಂದ ಎರಡು ಮಾಡಿದರು. ಅಷ್ಟೇ ತಿದ್ದುಪಡಿ. ಮತ್ತೆ ಅದೇ ಹಿಂಸೆಯ ಆಜ್ಞೆ ಕೊಟ್ಟು ಹಚ್ಚಿದರು. ಮೊದಲ ಊರು ತನ್ನದೇ ಅಂಕಿ ಹೇಳಿತು. ಎರಡನೆಯದೂ ಹೇಳಿತು. ಸಾಲು ಸಾಲಾಗಿ ಊರುಗಳು ತಮ್ಮ ತಮ್ಮ ನೀರಿಗೆ ಮರಳಿದವು. ತೋಟದ ಶಾಲೆ 2.1 ಎಂದದ್ದನ್ನು ನೋಡಿ ನಾನು ಎದ್ದೆ. ಭಾನುವಾರ ಅಚ್ಚಾದ ಪಟ್ಟಿಯಲ್ಲಿ 0.62 ಎಂದಿದ್ದದ್ದು ಅದೊಂದೇ ಬಾವಿಗೆ. ಉಳಿದವು ಹೊಸ ಪಟ್ಟಿಗೆ ಸರಿಹೊಂದಿದವು.

ತಿದ್ದುಪಡಿಯ ವಾಕ್ಯವನ್ನು ಅಲ್ಲಿಯೇ ಬರೆದು ಓದಿ ತೋರಿಸಿದೆ. ಕಂಪ್ಯೂಟರಿನ ತಾಂತ್ರಿಕ ದೋಷದಿಂದ ಎಂದು ಶುರು ಮಾಡಿದ್ದೆ.

"ಅದನ್ನ ಹೊಡದ ಹಾಕು. ಕಂಪ್ಯೂಟರ್ ಹೇಳಿದ್ದು ಕೇಳೇತಿ. ಪ್ರೋಗ್ರಾಮ್ ಬರದವರ ತಪ್ಪು ಅಂತ ಬರಿ."

"ನಿಮ್ಮ ಮ್ಯಾಲೆ ಬರತೈತ್ರಿ ಅಕ್ಕೋರ."

"ಎಲ್ಲಿಂದ ಬಂತು ಅಂತ ಬರೀಬೇಕೋ ಬ್ಯಾಡೋ?"

ಹಾಗೆಯೇ ಬರೆದೆ. ಶನಿವಾರ ಅಚ್ಚಾಯಿತು. ಮುಖ್ಯ ಶಿಕ್ಷಕರು ಕೊಟ್ಟ ಮಾತು ಉಳಿಸಿಕೊಂಡರು. ಅರ್ಧ ತಾಸಿನಲ್ಲಿ ಪಂಪಿನ ಹಿಡಿಕೆ ಕಳಚಿಟ್ಟು, ನೀಲಿಯ ಮೇಲೆ ಕೆಂಪು ಬಳಿದರು. ಸೋಮವಾರ ಅಕ್ಕೋರು ಯಾರಿಗೂ ಹೇಳದೆ ಬಸ್ಸು ಹತ್ತಿ ಆ ಶಾಲೆಗೆ ಹೋಗಿ, ಪ್ರಾರ್ಥನೆಯ ಸಾಲಿನ ಮುಂದೆ ನಿಂತು, ತಪ್ಪು ಅಂಕಿ ಕೊಟ್ಟವಳು ನಾನು ಎಂದು ಮಕ್ಕಳಿಗೆ ಹೇಳಿ ಬಂದರಂತೆ. ಆರು ದಿನದ ನೀರಿನಿಂದ ಹಲ್ಲು ಕೆಡುವುದಿಲ್ಲ ಎಂದೂ ಹೇಳಿದರಂತೆ. ಒಬ್ಬ ಹುಡುಗಿ ಎದ್ದು, "ಮತ್ತ ನಿಮ್ಮ ಉಗುರು ಯಾಕ ಹೋತ್ರಿ?" ಎಂದು ಕೇಳಿದ್ದನ್ನು ಮುಖ್ಯ ಶಿಕ್ಷಕರು ನನಗೆ ಹೇಳಿದರು. ಉತ್ತರ ಏನು ಕೊಟ್ಟರು ಎಂಬುದನ್ನು ಅವರು ಕೇಳಿಸಿಕೊಂಡಿರಲಿಲ್ಲ.

ಅಕ್ಕೋರು ತೀರಿಕೊಂಡದ್ದು ಮರುಬೇಸಿಗೆಯಲ್ಲಿ. ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ. ನಾನು ಹೋದಾಗ ತಂಗಿ ಬಾಗಿಲಲ್ಲಿ ಕುಳಿತಿದ್ದರು. "ಮುಂಜಾನಿ ಕುರಿ ಕಾಯೋರು ಹೇಳಿ ಹೋದ್ರು, ಹಿನ್ನೀರ ಸರದೈತಿ, ನಮ್ಮ ಬಾವಿ ಬಾಯಿ ಕಾಣಾಕತ್ತೈತಿ ಅಂತ," ಎಂದರು. "ಅಕೀ ಕೇಳಿ, ಹೂಂ ಅಂದ್ಲು. ಊಟಕ್ಕ ನೀಡು ಅಂದ್ಲು." ಮಣ್ಣು ಕೊಡುವಾಗ ಆ ಹಸಿರು ಅಂಚಿನ ಟಾವೆಲನ್ನು ತಂಗಿ ಅಕ್ಕನ ತಲೆಯ ಕೆಳಗೆ ಇಟ್ಟದ್ದನ್ನು ನಾನು ಕಂಡೆ. ಪತ್ರಿಕೆಗೆ ನಾಲ್ಕು ಸಾಲು ಬರೆದೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗಿ, ಮರುದಿನ ಬೆಳಿಗ್ಗೆ ಮುನವಳ್ಳಿಯಿಂದ ಅದೇ ಬಸ್ಸು ಹತ್ತಿದೆ. ಬಸ್ಸು ತುಂಬಿತ್ತು. ಬಲಗಡೆಯ ಮೂರನೇ ಕಿಟಕಿಯ ಸೀಟು ಮಾತ್ರ ಖಾಲಿ. ಸೀಟಿನ ಮೇಲೆ ಹಸಿರು ಅಂಚಿನ ತೆಳ್ಳನೆಯ ಟಾವೆಲ್ ಇತ್ತು. ಅದರ ಪಕ್ಕದಲ್ಲೇ ಒಬ್ಬ ವಯಸ್ಸಾದ ಹೆಣ್ಣುಮಗಳು ಕಂಬ ಹಿಡಿದು ನಿಂತಿದ್ದರು. ಕಾಲಿಗೆ ಪಟ್ಟಿ ಕಟ್ಟಿತ್ತು.

ಕಂಡಕ್ಟರನ್ನು ಕೇಳಿದೆ. "ಯಾರ ಹಾಕ್ಯಾರಪಾ?"

ಅವನು ನನ್ನತ್ತ ನೋಡಲಿಲ್ಲ. "ಗೊತ್ತಿಲ್ರಿ ಸರ. ಹನ್ನೆರಡ ದಿನಾ ಆತು. ದಿನಾ ಇರತೈತಿ. ಯಾರೂ ಕುಂದ್ರವಲ್ಲರು, ನಾನೂ ಮುಟ್ಟಿಲ್ಲ."

ಅಂಥ ಟಾವೆಲು ಬೈಲಹೊಂಗಲದ ಪೇಟೆಯಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಯಾರೋ ಪ್ರೀತಿಯಿಂದ ಹಾಕಿರಬಹುದು. ನಾನು ಆಮೇಲೆ ಚಾಲಕನನ್ನು, ದಿನಾ ಬರುವ ಐದಾರು ಜನರನ್ನು, ತಂಗಿಯನ್ನು ಕೇಳಿದೆ. ಯಾರೂ ತಾವೆಂದು ಹೇಳಲಿಲ್ಲ. ಗೊತ್ತಾಗಲಿಲ್ಲ ಎಂದೇ ಇಲ್ಲಿ ದಾಖಲಿಸುತ್ತೇನೆ.

ಬಸ್ಸು ಹೊರಡುವುದರಲ್ಲಿತ್ತು. ಹಿಂದಿನವರೆಲ್ಲ ನನ್ನನ್ನು ನೋಡುತ್ತಿದ್ದಾರೆಂದು ತಿಳಿಯುತ್ತಿತ್ತು. ಬಗ್ಗಿ ಟಾವೆಲನ್ನು ಎತ್ತಿದೆ. ಹೊರಗೆ ಮಣ್ಣು ಸುಡುವ ಬಿಸಿಲು. ಟಾವೆಲ್ ಒದ್ದೆಯಾಗಿತ್ತು, ಬಾವಿಯ ನೀರಿನಷ್ಟು ತಣ್ಣಗಿತ್ತು. ಹಿಂಡಿ, ಮಡಚಿ, ನನ್ನ ಚೀಲದಲ್ಲಿ ಇಟ್ಟುಕೊಂಡೆ.

"ಕುಂದರ್ರಿ ಅವ್ವಾರ," ಎಂದೆ.

ಆ ಹೆಣ್ಣುಮಗಳು ಹಿಂದೆ ಮುಂದೆ ನೋಡಿದರು. "ಯಾರರೆ ಬರೂವವರು ಇದ್ದಾರೇನಪಾ?"

"ಇಲ್ರಿ," ಎಂದೆ. "ಅವರನ ಹೇಳಿ ಹೋಗ್ಯಾರ, ನಿಂತವರಿಗೆ ಬಿಡ್ರಿ ಅಂತ."

ಅವರು ಸೀಟನ್ನು ಸೆರಗಿನಿಂದ ಒಮ್ಮೆ ಒರೆಸಿ ಕುಳಿತರು. ಮರುದಿನದಿಂದ ಆ ಸೀಟಿನಲ್ಲಿ ಟಾವೆಲ್ ಕಾಣಿಸಿಲ್ಲವೆಂದು ಕಂಡಕ್ಟರ್ ಹೇಳುತ್ತಾನೆ.